ಮೈಸೂರಿನಿಂದ ತರಿಸಿದ ಬಲ್ಬು

24 ನವೆಂಬರ್ 1957, ಭಾನುವಾರ

ಇವತ್ತು ಮುಸ್ಸಂಜೆ ಕಾರು ಚರಂಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಹೆರಿಗೆ ಪೆಟ್ಟಿಗೆಯಲ್ಲಿದ್ದ ಸ್ಪಿರಿಟ್ ಬಾಟಲಿ ಒಡೆದು, ಮನೆ ಮುಟ್ಟುವವರೆಗೂ ಕಾರೆಲ್ಲ ಆಸ್ಪತ್ರೆ ವಾಸನೆ.

ಎಸ್ಟೇಟಿನ ಕೂಲಿಯವರ ಸಾಲುಮನೆ ಲೈನಿನಲ್ಲಿ ಒಂದು ಹೆರಿಗೆ ಮುಗಿಸಿ ಬರುತ್ತಿದ್ದೆವು. ನಾನು ಸೋಮವಾರಪೇಟೆ ಆಸ್ಪತ್ರೆಗೆ ನರ್ಸಾಗಿ ಸೇರಿದಾಗಿನಿಂದ, ಲೈನುಗಳಿಂದ ಕರೆ ಬಂದಾಗಲೆಲ್ಲ ನನ್ನನ್ನು ಕರೆದೊಯ್ಯುವುದು ಇವರೇ. ತೋಟದ ಕೆಲಸ ಬಿಟ್ಟು ಬರುತ್ತಾರೆ, ಅನ್ನದ ತಟ್ಟೆ ಬಿಟ್ಟು ಏಳುತ್ತಾರೆ, ಒಂದು ದಿನ ಗೊಣಗಿದವರಲ್ಲ. ವಿಲಾಯಿತಿಗೆ ವಾಪಸು ಹೋದ ಯಾರೋ ಬಿಳಿ ದೊರೆಯಿಂದ ಕೊಂಡ ಹಳೇ ಕಾರು ಅದು. ಇವರಿಗೆ ಅದೆಂದರೆ ಪ್ರಾಣ. ನನಗೆ ಅದೆಂದರೆ ಭಯ. ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತರೆ ಇಳಿಯುವಾಗಲೇ ಬಿಡುವುದು.

ಚರಂಡಿಯಿಂದ ಕಾರನ್ನು ಮೇಲಕ್ಕೆ ಎಳೆಸಿದ ಮೇಲೆ ಇವರು ಮುಂದಿನ ದೀಪಗಳಿಗೆ ಒಂದೊಂದು ಏಟು ಕೊಟ್ಟರು. “ಇದೇನು ಲೈಟಾ? ದೇವರ ಮುಂದೆ ಹಚ್ಚಿಟ್ಟ ಹಾಗಿದೆ. ರಸ್ತೆ ಎಲ್ಲಿ ತಿರುಗುತ್ತದೆ ಅಂತಲೇ ಗೊತ್ತಾಗಲ್ಲ.”

ತಿರುವು ನನಗೆ ಕಂಡಿತ್ತು. ಓಡಿಸುವವರಿಗೆ ಕಾಣದೆ ಇರುತ್ತದೆಯೇ ಎಂದು ಸುಮ್ಮನಿದ್ದೆ.

25 ನವೆಂಬರ್, ಸೋಮವಾರ

ಸಂತೆ. ಇವರು ಕಾರನ್ನು ಪುಟ್ಟಸ್ವಾಮಿಯ ಗ್ಯಾರೇಜಿಗೆ ಒಯ್ದರು. ನಾನು ಆಸ್ಪತ್ರೆ ಮುಗಿಸಿ ಅಲ್ಲಿಗೇ ಹೋದೆ.

“ಇದಕ್ಕಿಂತ ದೊಡ್ಡ ಬಲ್ಬು ಬರ್ತದೆ ಅಣ್ಣ. ಮೈಸೂರಿಂದ ತರಿಸ್ಬೇಕು,” ಎಂದ ಪುಟ್ಟಸ್ವಾಮಿ. “ಹಾಕಿದ್ರೆ ಹಗಲೇ ಆಗ್ಬಿಡ್ತದೆ ನೋಡಿ.”

“ತರಿಸು. ಎಷ್ಟು ದೊಡ್ಡದಿದೆಯೋ ಅಷ್ಟು ದೊಡ್ಡದು.”

ಆಗ ಇವರ ಮುಖ ನೋಡಬೇಕಿತ್ತು, ಮದುವೆಗೆ ಜವಳಿ ತೆಗೆಯುವವರ ಹಾಗೆ.

2 ಡಿಸೆಂಬರ್

ದೊಡ್ಡ ಬಲ್ಬು ಬಂತು, ಕೂರಿಸಿದ್ದೂ ಆಯಿತು. ಕತ್ತಲಾಗುವುದನ್ನೇ ಕಾದಿದ್ದು ಅತ್ತೆಯನ್ನೂ ಹತ್ತಿಸಿಕೊಂಡು ಒಂದು ಸುತ್ತು ಹೋಗಿಬಂದೆವು. ನಿಜಕ್ಕೂ ಹಗಲು! ಬೇಲಿಯ ಮುಳ್ಳುತಂತಿಯನ್ನು ಎಣಿಸಬಹುದಿತ್ತು. ರಸ್ತೆಗೆ ಅಡ್ಡಲಾಗಿ ಒಂದು ಮೊಲ ಕಿವಿ ನಿಮಿರಿಸಿ ನಿಂತೇಬಿಟ್ಟಿತು. ಅತ್ತೆ ಹಿಂದಿನ ಸೀಟಿನಿಂದ “ಮೊಲ, ಮೊಲ!” ಎಂದು ಕೂಗಿದರು. ಇವರು ನಿಧಾನ ಮಾಡಲಿಲ್ಲ, ಅದೇ ಹಾರಿ ತಪ್ಪಿಸಿಕೊಂಡಿತು.

ಹೇಗಿದೆ ಎಂದು ಕೇಳಿದೆ. “ಪರವಾಗಿಲ್ಲ. ಮೊದಲಿಗಿಂತ ಸ್ವಲ್ಪ ಜಾಸ್ತಿ,” ಎಂದರು.

ಅಷ್ಟು ಆಸೆಯಿಂದ ತರಿಸಿದ್ದು, ಬರೀ ಪರವಾಗಿಲ್ಲವಂತೆ. ಗಂಡಸರಿಗೆ ಯಾವುದೂ ಸಾಲದು.

11 ಡಿಸೆಂಬರ್

ಒದ್ದೆ ಸೀರೆ ಬದಲಿಸಿ ಬರೆಯಲು ಕೂತಿದ್ದೇನೆ.

ಸಂಜೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೊಳ್ಳಪ್ಪ ಸೈಕಲ್ಲಿನಲ್ಲಿ ಬಂದು, ಲೈನಿನಲ್ಲಿ ಒಬ್ಬಳಿಗೆ ನೋವು ಶುರುವಾಗಿದೆ ಎಂದ. ಹೊರಟೆವು. ಏರು ಹತ್ತುತ್ತಿದ್ದ ಹಾಗೆ ಮಂಜು ಇಳಿಯಿತು. ದೊಡ್ಡ ಬಲ್ಬಿನ ಬೆಳಕು ಮಂಜಿಗೆ ಬಡಿದು ನಮ್ಮ ಮುಖಕ್ಕೇ ವಾಪಸು ಬಂತು. ಮುಂದೆ ಬಿಳೀ ಗೋಡೆ ಕಟ್ಟಿದಂತೆ, ನನಗೂ ಏನೂ ಕಾಣಲಿಲ್ಲ. ನಾನು ಇಳಿದು ಟಾರ್ಚ್ ಹಿಡಿದು ಕಾರಿನ ಮುಂದೆ ನಡೆದೆ. ಸ್ವಲ್ಪ ದೂರ ಹೋಗಿರಬಹುದು, ಸುಟ್ಟ ರಬ್ಬರಿನ ವಾಸನೆ ಬಂದು ದೀಪ ಎರಡೂ ಆರಿಹೋದವು. ದೊಡ್ಡ ಬಲ್ಬಿಗೆ ಹಳೇ ವೈರು ತಡೆಯಲಿಲ್ಲ.

ಕಾರನ್ನೂ ಇವರನ್ನೂ ಅಲ್ಲೇ ಬಿಟ್ಟು ನಡೆದೇ ಲೈನು ಸೇರಿದೆ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಕಾಳಿ ಮಗುವನ್ನು ಹಿಡಿದಾಗಿತ್ತು. ಇಬ್ಬರೂ ಕ್ಷೇಮ. ಕಾಳಿ ನನ್ನ ಒದ್ದೆ ಸೀರೆ ನೋಡಿ, “ಬಾ ನರ್ಸವ್ವ, ಬೆಂಕಿ ಕಾಯ್ಕೊ,” ಎಂದಳು. ಕೂತು ಬೆಂಕಿ ಕಾಯಿಸಿಕೊಂಡೆ. ಬೇರೆ ಏನೂ ಮಾಡುವುದು ಉಳಿದಿರಲಿಲ್ಲ.

ಎಲ್ಲ ಹೆರಿಗೆಯೂ ಹೀಗೆ ಸಲೀಸಾಗಿ ಆಗುವುದಿಲ್ಲ. ಕಾಳಿಗೂ ಅದು ಗೊತ್ತು, ನನಗೂ ಗೊತ್ತು.

16 ಡಿಸೆಂಬರ್, ಸೋಮವಾರ

ಪುಟ್ಟಸ್ವಾಮಿ ತಪ್ಪಾಯಿತೆಂದು ಕೈಮುಗಿದ. ವೈರನ್ನೂ ನೋಡಬೇಕಿತ್ತು, ಬರೀ ಬಲ್ಬು ಹಾಕಿಬಿಟ್ಟೆ ಎಂದ. ದಪ್ಪ ವೈರು ಎಳೆದ. ಅರ್ತ್ ತಂತಿಯ ತುಕ್ಕು ಕೆರೆದ. ಬಲ್ಬಿನ ಹಿಂದಿನ ಕನ್ನಡಿಯಂಥ ಬಟ್ಟಲು ಕಪ್ಪಾಗಿತ್ತು, ಅದನ್ನು ಹತ್ತಿಯಿಂದ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದ. ಮಂಜಿಗೆಂದು ಕೆಳಗೊಂದು ಹಳದಿ ಗಾಜಿನ ದೀಪ ಬೇರೆ. “ಮಂಜಲ್ಲಿ ಮೇಲಿಂದು ಆರ್ಸಿ ಇದೊಂದೇ ಹಾಕ್ಕೊಳ್ಳಿ. ನಿಂತಾಗ ಮಾತ್ರ ಎಂಜಿನ್ ಆಫ್ ಮಾಡಿ ದೊಡ್ಡ ಲೈಟ್ ಉರಿಸ್ಬೇಡಿ, ಬ್ಯಾಟ್ರಿ ಕುಡಿದ್ಬಿಡ್ತದೆ.”

ಕತ್ತಲಾದ ಮೇಲೆ ಬೆಳಕು ಎಲ್ಲಿ ಬೀಳುತ್ತದೆಂದು ನೋಡಿ ಸರಿಪಡಿಸಬೇಕಿತ್ತು. ಗ್ಯಾರೇಜಿನ ಎದುರು ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಅಡ್ಡಗೆರೆ ಎಳೆದು, ಇವರಿಗೆ ಕಾರಿನೊಳಗೆ ಕೂರಲು ಹೇಳಿದ.

“ಅಣ್ಣ, ಬೆಳಕು ಗೆರೆಯಿಂದ ಕೆಳಗಿದ್ಯಾ, ಮೇಲಿದ್ಯಾ?”

“ಯಾವ ಗೆರೆ?”

“ಗೋಡೆ ಮೇಲೆ ಎಳ್ದಿದೀನಲ್ಲ.”

“ಎಲ್ಲಿ ಎಳೆದಿದ್ದೀಯ? ಇನ್ನೂ ದಪ್ಪ ಎಳಿ ಮಾರಾಯ.”

ಪುಟ್ಟಸ್ವಾಮಿ ದಪ್ಪ ಎಳೆದ. ಇನ್ನೂ ದಪ್ಪ ಎಳೆದ. ಆಮೇಲೆ “ಅಕ್ಕ, ನೀವೊಂದ್ಸಲ ಕೂತ್ಕಳಿ,” ಎಂದ. ಇವರು ಇಳಿದರು, ನಾನು ಮೊದಲ ಸಲ ಸ್ಟೀರಿಂಗ್ ಹಿಂದೆ ಕೂತೆ. ಗೆರೆ ಅಷ್ಟು ಸ್ಪಷ್ಟವಾಗಿತ್ತು. ಮೊದಲು ಎಳೆದ ತೆಳು ಗೆರೆ ಕೂಡ ದಪ್ಪ ಗೆರೆಯ ಅಂಚಿನಲ್ಲಿ ಎದ್ದು ಕಾಣುತ್ತಿತ್ತು.

“ಕೆಳಗಿದೆ,” ಎಂದೆ.

ಪುಟ್ಟಸ್ವಾಮಿ ನನ್ನ ಕಡೆ ನೋಡಿದ, ಮತ್ತೆ ಬಗ್ಗಿ ದೀಪದ ಗಾಜು ಒರೆಸತೊಡಗಿದ. ಅದು ಆಗಲೇ ಚೊಕ್ಕಟವಾಗಿತ್ತು.

17 ಡಿಸೆಂಬರ್

ಬೆಳಿಗ್ಗೆ ಕಿಟಕಿ ಪಕ್ಕ ಇವರು ಗಡ್ಡ ಹೆರೆದುಕೊಳ್ಳುವಾಗ ಹತ್ತಿರ ಹೋಗಿ ಕಣ್ಣು ನೋಡಿದೆ. ಬೂದಿ ಬಣ್ಣ. ಬಲಗಡೆಯದು ಹೆಚ್ಚು.

ದಿನಾ ಆಸ್ಪತ್ರೆಯಲ್ಲಿ ಮಂದಿಯ ರೆಪ್ಪೆ ಬಿಡಿಸಿ ನೋಡುವವಳು ನಾನು.

20 ಡಿಸೆಂಬರ್

ಹೇಳಿದೆ. ಹೇಗೆ ಹೇಳಬೇಕೆಂದು ಮೂರು ದಿನದಿಂದ ಯೋಚಿಸಿದ್ದು ಒಂದೂ ನೆನಪಾಗಲಿಲ್ಲ. “ನಿಮ್ಮ ಕಣ್ಣಿಗೆ ಪೊರೆ ಬಂದಿದೆ, ಲೈಟಿನದು ಏನೂ ತಪ್ಪಿಲ್ಲ,” ಎಂದುಬಿಟ್ಟೆ.

ಇವರಿಗೆ ನಲವತ್ತೊಂಬತ್ತು. ಪೊರೆ ಮುದುಕರಿಗೆ ಬರುವುದಂತೆ. ಆಸ್ಪತ್ರೆಯ ಕಾಯಿಲೆಯನ್ನೆಲ್ಲ ಮನೆಗೆ ತರಬೇಡ ಎಂದರು. ಹಾಗಾದರೆ ಗೋಡೆಯ ಗೆರೆ ಏಕೆ ಕಾಣಲಿಲ್ಲ ಎಂದು ಕೇಳಿದೆ. ಪುಟ್ಟಸ್ವಾಮಿಗೆ ಗೆರೆ ಎಳೆಯಲು ಬರುವುದಿಲ್ಲವಂತೆ. ಕೂಗಾಟ ಜೋರಾಗಿ ಅತ್ತೆ ಒಳಗಿನಿಂದ ಬಂದು ಇಬ್ಬರಿಗೂ ಬೈದರು. ಅವರು ನಮ್ಮ ಮನೆಮಾತು ಅರೆಭಾಷೆಯಲ್ಲಿ ಬೈದದ್ದನ್ನು ನಾನು ಇಲ್ಲಿ ಶಾಲೆ ಕನ್ನಡದಲ್ಲಿ ಬರೆದರೆ ಸಪ್ಪೆಯಾಗುತ್ತದೆ.

ಇವರು ರಾತ್ರಿ ಉಣ್ಣಲಿಲ್ಲ. ನಾನೂ.

22 ಡಿಸೆಂಬರ್

ಮಾತಿಲ್ಲ.

25 ಡಿಸೆಂಬರ್

ಆಸ್ಪತ್ರೆಗೆ ರಜೆ. ಕಾಫಿ ಒಣಗಿಸುವ ಕಣದ ಪಕ್ಕ ಕಾರು ನಿಲ್ಲಿಸಿ ಇವರು ನನ್ನನ್ನು ಕರೆದರು. “ನಿನಗೆ ಅಷ್ಟು ಚೆನ್ನಾಗಿ ಕಾಣುತ್ತದಲ್ಲ, ನೀನೇ ಓಡಿಸು ನೋಡೋಣ.”

ಸಿಟ್ಟಿನ ಮಾತು. ನನಗೂ ಸಿಟ್ಟಿತ್ತು, ಹೋಗಿ ಕೂತೆ. ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ತೋರಿಸಿದರು. ಕಾಲು ಬಿಟ್ಟೆ. ಕಾರು ಕುಪ್ಪಳಿಸಿ ಹೋಗಿ, ಗುಡ್ಡೆ ಹಾಕಿದ್ದ ಕಾಫಿಯೊಳಗೆ ಮೂತಿ ತೂರಿಸಿ ನಿಂತಿತು.

ಅತ್ತೆ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇವರು ನಗಬಾರದೆಂದು ಮುಖ ಬಿಗಿದುಕೊಂಡಿದ್ದವರು ಅತ್ತ ತಿರುಗಿಕೊಂಡರು. ಹೆಗಲು ಅಲುಗುತ್ತಿತ್ತು.

ಐದು ದಿನವಾದ ಮೇಲೆ ಮಾತು ಶುರುವಾದದ್ದು ಹೀಗೆ: “ಏ ಇವಳೇ, ಅದು ಮೊಸರು ಕಡೆಯುವುದಲ್ಲ. ಕಾಲು ಮೆತ್ತಗೆ ಬಿಡು.”

9 ಜನವರಿ 1958

ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮೊದಲು ಕಲಿಯುತ್ತಿದ್ದೇನೆ. ಮಡಿಕೇರಿಗೆ ಹೋಗಿ ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡು ಬಂದೆವು. ಗುಮಾಸ್ತ ಇವರ ಹೆಸರು ಬರೆಯಲು ಹೋಗಿ, “ನಿಮಗಾ?” ಎಂದು ನನ್ನನ್ನು ಕೇಳಿದ. “ನನಗೇ,” ಎಂದೆ.

ಇವರು ಒಳ್ಳೆಯ ಮೇಷ್ಟ್ರು. ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದಿನಲ್ಲೇ ಎಲ್ಲ ಹೇಳುತ್ತಾರೆ. “ಅಳುತ್ತಿದೆ ಕೇಳು, ಸೆಕೆಂಡ್ ಗೇರಿಗೆ ಹಾಕು.” ಕಣ್ಣಿನ ವಿಷಯ ಇಬ್ಬರೂ ಎತ್ತುವುದಿಲ್ಲ. ಕತ್ತಲಾದ ಮೇಲೆ ಕರೆ ಬಂದರೆ ಈಗಲೂ ಇವರದೇ ಸ್ಟೀರಿಂಗು. ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋಗುತ್ತೇನೆ: ಎಡಕ್ಕೆ ಎತ್ತಿನ ಗಾಡಿ, ಮುಂದೆ ಇಬ್ಬರು ಜನ, ಇಲ್ಲಿ ಮೋರಿ. ಮಾತಾಡುತ್ತಾ ಹೋದರೆ ಬೇಜಾರು ಕಳೆಯುತ್ತದೆ ಎನ್ನುತ್ತಾರೆ ಇವರು. ಆಗಲಿ.

31 ಜನವರಿ, ಶುಕ್ರವಾರ

ನಿನ್ನೆಯದನ್ನು ಮರೆಯುವ ಮೊದಲು ಬರೆದಿಡಬೇಕು.

ಬೊಳ್ಳಪ್ಪ ಬಂದಾಗ ದೀಪ ಹಚ್ಚುವ ಹೊತ್ತು. ಚೋಮನ ಹೆಂಡತಿ ಜವರಿಗೆ ಬೆಳಗಿನಿಂದ ನೋವು, ಚೊಚ್ಚಲು. ಎಸ್ಟೇಟಿನ ಜೀಪು ಮಡಿಕೇರಿಗೆ ಹೋಗಿದೆ ಎಂದ. ಬೊಳ್ಳಪ್ಪ ಹಿಂದೆ ಹತ್ತಿದ, ಇವರು ಓಡಿಸಿದರು, ನಾನು ಹೇಳುತ್ತಿದ್ದೆ. ಎಸ್ಟೇಟ್ ಗೇಟಿನ ಹತ್ತಿರದ ತಿರುವಿನಲ್ಲಿ, ಪಿಕ್ಕಿಂಗ್ ಮುಗಿಸಿ, ಕೊಯ್ದ ಕಾಫಿ ಹಣ್ಣು ಅಳೆಸಿ ಬರುತ್ತಿದ್ದ ಹೆಂಗಸರು ರಸ್ತೆ ತುಂಬ ಇದ್ದರು. “ಜನ!” ಎಂದು ಕಿರುಚಿದೆ. ಇವರು ಬ್ರೇಕು ತುಳಿದರು. ಬಂಪರಿಗೂ ಒಬ್ಬಳ ಸೆರಗಿಗೂ ನಡುವೆ ಒಂದು ಗೇಣು.

ದೀಪ ಅವರ ಮೇಲೆ ಪೂರ್ತಿ ಬಿದ್ದಿತ್ತು. ಒಬ್ಬೊಬ್ಬರ ಮೂಗುಬೊಟ್ಟೂ ಹೊಳೆಯುತ್ತಿತ್ತು.

ಇವರು ಗೇರು ಬಿಡಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಆಮೇಲೆ ಇಳಿದು, ಕಾರಿನ ಸುತ್ತ ಬಂದು, ನನ್ನ ಕಡೆಯ ಬಾಗಿಲು ತೆಗೆದು, “ಆ ಕಡೆ ಸರಿ,” ಎಂದರು.

ಸರಿದೆ.

ಲೈನಿನಲ್ಲಿ ಜವರಿಯನ್ನು ನೋಡಿದೆ. ಮಗುವಿನ ತಲೆ ಮೇಲಿತ್ತು, ಕಾಲು ಮುಂದಾಗಿ ಬರುತ್ತಿತ್ತು. ಅಲ್ಲಿಟ್ಟುಕೊಂಡು ಆಟವಾಡುವ ಕೇಸಲ್ಲ, ಡಾಕ್ಟರು ಬೇಕು. ಜವರಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಕಾಳಿಯನ್ನು ಜೊತೆಗೆ ಹತ್ತಿಸಿದೆ. ಚೋಮ ಫುಟ್‌ಬೋರ್ಡಿನ ಮೇಲೆ ನಿಂತ. ಬೊಳ್ಳಪ್ಪ ಲೈನಿನಲ್ಲೇ ಉಳಿದ. ಆಗ ಹೊಳೆಯಿತು: ಹೆರಿಗೆ ಮಾಡಿಸುವವಳೂ ನಾನೇ, ಕಾರು ಓಡಿಸುವವಳೂ ನಾನೇ. ನಾನು ಹಿಂದೆ ಕೂತರೆ ಓಡಿಸುವವರಿಲ್ಲ.

ಮುಂದೆ ಕೂತೆ. ಮರಗಳ ಮರೆಯಲ್ಲಿ ಚಂದ್ರ ಕಾಣುತ್ತಿರಲಿಲ್ಲ, ಮಂಜೂ ಇರಲಿಲ್ಲ, ಬೆಳಕು ಬಿಚ್ಚಿದ ಸೀರೆಯ ಹಾಗೆ ರಸ್ತೆಯುದ್ದಕ್ಕೂ ಹಾಸಿತ್ತು. ಇವರು ಕಣ್ಣು ಮುಚ್ಚಿಕೊಂಡು ದಾರಿ ಹೇಳುತ್ತಿದ್ದರು, ನೆನಪಿನಿಂದ. “ಈಗ ಎಡಕ್ಕೆ ಹೊರಳುತ್ತದೆ, ಆಮೇಲೆ ಇಳುಕಲು. ಸೆಕೆಂಡಿನಲ್ಲೇ ಇಳಿಸು, ಬ್ರೇಕು ನಂಬಬೇಡ.” ಹಿಂದಿನಿಂದ ಕಾಳಿ ಹೇಳುತ್ತಿದ್ದಳು, “ಇನ್ನೂ ತಡ್ಕೊಂಡವಳೆ ಕಣವ್ವ. ಇನ್ನೂ ತಡ್ಕೊಂಡವಳೆ.” ಒಂದು ಸಲ ಅವಳು ಏನೂ ಹೇಳಲಿಲ್ಲ. ಜವರಿ ಕೂಗಿದಳು. ಆ ಕೂಗು ನನಗೆ ಗೊತ್ತು. ಇನ್ನು ಪೇಟೆ ಮುಟ್ಟಲು ಸಮಯವಿರಲಿಲ್ಲ.

ಕಾರು ನಿಲ್ಲಿಸಿದೆ. ಸೀಟಿನ ಮೇಲೆ ನನಗೆ ಕೈಯಾಡಿಸಲು ಜಾಗವಿಲ್ಲ, ಬೆಳಕಿಲ್ಲ. “ಇವಳನ್ನು ಇಳಿಸಿ, ಕಾರಿನ ಮುಂದೆ,” ಎಂದೆ. ಚೋಮ ಗೋಣಿ ಹಾಸಿದ, ಅದರ ಮೇಲೆ ಕಾಳಿ ತನ್ನ ಕಂಬಳಿ ಹಾಸಿದಳು. ಎರಡು ದೀಪದ ನಡುವೆ ಜವರಿಯನ್ನು ಮಲಗಿಸಿದೆವು. ಚೋಮನನ್ನು ಆಚೆ ಕಳಿಸಿದೆ.

“ಎಂಜಿನ್ ಆಫ್ ಮಾಡಬೇಡಿ, ಬೆಳಕು ಇಳಿಯುತ್ತದೆ,” ಎಂದು ಕೂಗಿದೆ. ಇವರು ಆಗಲೇ ಸ್ಟೀರಿಂಗ್ ಹಿಂದೆ ಕೂತಿದ್ದರು. ಎಕ್ಸಲರೇಟರ್ ಒಂದೇ ಸಮ ಒತ್ತಿ ಹಿಡಿದರು. ಒಂದು ಸಲವೂ ಬೆಳಕು ಹೊಯ್ದಾಡಲಿಲ್ಲ.

ಕಾಲು ಬಂತು, ಸೊಂಟ ಬಂತು. ತೋಳು ಸಿಕ್ಕಿಕೊಂಡಿತ್ತು, ಬೆರಳು ಹಾಕಿ ಬಿಡಿಸಿದೆ. ತಲೆ ನಿಂತಿತು. ಮಗುವಿನ ಮೈ ಎಂಥ ಬಣ್ಣಕ್ಕೆ ತಿರುಗುತ್ತಿದೆ ಎಂದು ನನಗೆ ಕಾಣುತ್ತಿತ್ತು. ಲೈನಿನ ಚಿಮಣಿ ಬುಡ್ಡಿಯ ಬೆಳಕಿನಲ್ಲಾಗಿದ್ದರೆ ಕಾಣುತ್ತಿರಲಿಲ್ಲ. ಕಾಣದಿದ್ದರೆ ಇನ್ನೊಂದು ನೋವಿಗೆ ಕಾಯುತ್ತಿದ್ದೆ. ಕಾಯಲಿಲ್ಲ. ಕಾಳಿಗೆ ಹೊಟ್ಟೆಯ ಮೇಲೆ ಒತ್ತಲು ಹೇಳಿ, ಮಗುವಿನ ಬಾಯಿಗೆ ಬೆರಳಿಟ್ಟು ತಲೆ ಬಗ್ಗಿಸಿ ತೆಗೆದೆ.

ಅಳಲಿಲ್ಲ. ಬೆನ್ನು ತಿಕ್ಕಿದೆ, ಬಾಯಿ ಒರೆಸಿ ಊದಿದೆ. ಎಂಜಿನ್ನಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಮತ್ತೆ ಊದಿದೆ.

ಅತ್ತಿತು. ಸಣ್ಣಗೆ, ಆಮೇಲೆ ಬಾಯಿ ತುಂಬ.

“ಏನು ಮಗು?” ಕಾರಿನೊಳಗಿಂದ ಇವರ ಸ್ವರ.

“ಹೆಣ್ಣು.”

ಕತ್ತಲಲ್ಲಿ ಚೋಮ ಅಳುತ್ತಿದ್ದದ್ದು ಕೇಳಿಸಿತು. ಎಂಜಿನ್ ಒಂದು ಸಲ ಜೋರಾಗಿ ಗುಟುರು ಹಾಕಿತು.

ತಾಯಿ ಮಗುವನ್ನು ಆಸ್ಪತ್ರೆಗೆ ಸೇರಿಸಿ ಬಂದೆವು. ಡಾಕ್ಟರು ನೋಡಿ, ಏನೂ ತೊಂದರೆಯಿಲ್ಲ ಎಂದರು. ಬರುವಾಗಲೂ ನಾನೇ ಓಡಿಸಿದೆನಂತೆ. ದಾರಿ ನೆನಪಿಲ್ಲ.

1 ಫೆಬ್ರವರಿ

ಬೆಳಿಗ್ಗೆ ಕಾಫಿ ಕುಡಿಯುತ್ತಾ ಇವರು ತಾವಾಗಿಯೇ ಹೇಳಿದರು: “ಮೊನ್ನೆ ನನಗೆ ಬರೀ ಬೆಳಕು ಕಂಡಿತು ಯಮುನಾ. ಅದರೊಳಗೆ ನೀನಿದ್ದೀಯ ಅಂತ ಸ್ವರದಲ್ಲೇ ಗೊತ್ತಾದ್ದು. ಎಷ್ಟು ದೂರವಿದ್ದಿ?”

“ಬಾನೆಟ್ಟಿನಿಂದ ನಾಲ್ಕು ಮೊಳ.”

ತಲೆ ಆಡಿಸಿದರು. “ಕಣ್ಣು ತೋರಿಸಲು ಮೈಸೂರಿಗೆ ಯಾವಾಗ ಹೋಗೋಣ?”

22 ಫೆಬ್ರವರಿ

ಮಡಿಕೇರಿಯಲ್ಲಿ ಡ್ರೈವಿಂಗ್ ಪರೀಕ್ಷೆ ಆಯಿತು. ಇನ್ಸ್‌ಪೆಕ್ಟರು ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಲು ಹೇಳಿದರು, ಎತ್ತಿದೆ. ಏರಿನ ಕೆಳಗೆ ನಿಂತಿದ್ದ ಇವರಿಗೆ ನಾನು ಪಾಸಾದೆನೆಂದು ಎಂಜಿನ್ ಸದ್ದಿನಲ್ಲೇ ತಿಳಿಯಿತಂತೆ. ಊರಿಗೆ ಬಂದು ಆಸ್ಪತ್ರೆಯಲ್ಲಿ ಎರಡು ವಾರ ರಜೆ ಕೇಳಿದೆ, ಕೊಟ್ಟರು. ಅಕ್ಕಿ ತೊಳೆಯಬೇಕು, ನಾಳೆ ಬರೆಯುತ್ತೇನೆ.

6 ಮಾರ್ಚ್, ಮೈಸೂರು

ಮೊನ್ನೆ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿನ ಪೊರೆ ಇನ್ನೂ ಬಲಿಯಬೇಕಂತೆ, ಅದಕ್ಕೆ ಮುಂದಿನ ವರ್ಷ. ಈಗ ಎರಡೂ ಕಣ್ಣಿಗೆ ಪಟ್ಟಿ. ತಲೆ ಅಲುಗಬಾರದೆಂದು ಆಚೆ ಈಚೆ ಮರಳಿನ ಚೀಲ ಇಟ್ಟಿದ್ದಾರೆ. ಇವರು ಮಲಗಿದಲ್ಲಿಂದಲೇ ವಾರ್ಡಿನಲ್ಲಿ ಎಲ್ಲರನ್ನೂ ಪರಿಚಯ ಮಾಡಿಕೊಂಡಾಯಿತು. ಪಕ್ಕದ ಹಾಸಿಗೆಯ ಗುಂಡ್ಲುಪೇಟೆಯ ಮುದುಕರಿಗೆ, “ನನ್ನ ಹೆಂಡತಿಯೇ ಓಡಿಸಿಕೊಂಡು ಬಂದಳು, ಘಾಟಿ ಇಳಿಸಿ, ಹುಣಸೂರಿನ ಮೇಲೆ,” ಎಂದು ಹೇಳುತ್ತಿದ್ದರು. ನಾಲ್ಕನೆಯ ಸಲ. ಮಾತಾಡಬೇಡಿ, ಕಣ್ಣಿಗೆ ಒತ್ತಡ ಬೀಳುತ್ತದೆ ಎಂದು ಗದರಿದೆ.

29 ಮಾರ್ಚ್

ಮನೆಗೆ ಬಂದು ಎರಡು ವಾರವಾಯಿತು. ಹೂಮಳೆ ಬಿದ್ದು ತೋಟವೆಲ್ಲ ಹೂ ಬಿಟ್ಟಿದೆ. ಇವರಿಗೆ ಕನ್ನಡಕ ಬರುವವರೆಗೆ ಎಲ್ಲ ಹೊಗೆಹೊಗೆ. ಗಿಡಗಳ ನಡುವೆ ಕೈಯಾಡಿಸುತ್ತಾ ನಡೆದು, ಹೂವು ಎಲ್ಲಿ ಚೆನ್ನಾಗಿ ಕಟ್ಟಿದೆ ಎಂದು ಬೆರಳಿನಲ್ಲೇ ನೋಡಿ ಬಂದರು.

ಈ ವಾರ ಕತ್ತಲಾದ ಮೇಲೆ ಎರಡು ಕರೆ. ಒಂದು ಕೊಡ್ಲಿಪೇಟೆ ಕಡೆಗೆ. ಹೋಗಿ ಬಂದೆ. ಬಲಗಡೆಯ ದೀಪ ಸ್ವಲ್ಪ ಮೇಲೆ ನೋಡುತ್ತಿದೆ, ಎದುರಿಗೆ ಬಂದ ಬಸ್ಸಿನವನು ಬೈದ. ಸೋಮವಾರ ಪುಟ್ಟಸ್ವಾಮಿಯ ಹತ್ತಿರ ಕೆಳಕ್ಕೆ ತಿರುಗಿಸಿಕೊಳ್ಳಬೇಕು.

20 ಏಪ್ರಿಲ್, ಭಾನುವಾರ

ನಿನ್ನೆ ಕನ್ನಡಕ ಬಂತು. ಗಾಜು ನನ್ನ ಕಿರುಬೆರಳಿನಷ್ಟು ದಪ್ಪ. ಹಾಕಿಕೊಂಡ ತಕ್ಷಣ ಇವರು ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದರು. ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದಂತೆ, ಅತ್ತೆ ಕುಂಬಳಕಾಯಿಯಷ್ಟು ದಪ್ಪ ಕಾಣುತ್ತಾರಂತೆ. ಅತ್ತೆ ಅದಕ್ಕೂ ಬೈದರು. ಹಗಲಲ್ಲಿ ಮೆಲ್ಲಗೆ ಅಭ್ಯಾಸವಾಗುತ್ತದೆ, ರಾತ್ರಿ ಗಾಡಿ ಮಾತ್ರ ಬೇಡ ಎಂದಿದ್ದಾರೆ ಡಾಕ್ಟರು. ಇವರು ಅದನ್ನು ಕೇಳಿ “ಹೂಂ” ಎಂದದ್ದಷ್ಟೆ. ಜಗಳಕ್ಕೆ ನಾನು ಸಿದ್ಧಳಾಗಿ ಬಂದಿದ್ದೆ, ಸುಮ್ಮನೆ ವ್ಯರ್ಥವಾಯಿತು.

ಇವತ್ತು ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತು ಜಡೆ ಬಿಚ್ಚಿ ಬಾಚುತ್ತಿದ್ದೆ. ಇವರು ಬಂದು ಎದುರು ನಿಂತು, ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು.

“ಯಮುನಾ, ನಿನ್ನ ಕಿವಿಯ ಹತ್ತಿರ ಬೆಳ್ಳಗಾಗಿದೆ. ಯಾವಾಗ ಆಯಿತು?”

“ಆಗಿ ಎಷ್ಟೋ ದಿನವಾಯಿತು.”

“ನನಗೆ ಹೇಳಲೇ ಇಲ್ಲ.”

“ಬಂದು ಹೇಳುವ ವಿಷಯವೇ ಅದು?”

ಅಲ್ಲೇ ಮೆಟ್ಟಿಲ ಮೇಲೆ ಕೂತರು. ಬಾಚಿ ಮುಗಿಸುವವರೆಗೆ ಏಳಲಿಲ್ಲ.

ಸಂಜೆ ಬೊಳ್ಳಪ್ಪ ಬಂದ. ಲೈನಿನಲ್ಲಿ ಯಾರಿಗೋ ದಿನ ತುಂಬಿದೆ. ನಾನು ಪೆಟ್ಟಿಗೆ ಎತ್ತಿಕೊಂಡು ಬರುವಷ್ಟರಲ್ಲಿ ಇವರು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಾಗಿತ್ತು. ಹೊರಟೆವು. ದೀಪ ಹಾಕಿದೆ. ಸ್ವಲ್ಪ ದೂರ ಹೋದ ಮೇಲೆ ನೋಡುತ್ತೇನೆ, ಇವರು ರಸ್ತೆಯ ಕಡೆ ನೋಡುತ್ತಲೇ ಇಲ್ಲ. ಆ ದಪ್ಪ ಗಾಜು ನನ್ನ ಕಡೆಗೇ ತಿರುಗಿದೆ.

“ಮುಂದೆ ನೋಡಿ,” ಎಂದೆ.

“ಮುಂದೆ ನೋಡೋಕೆ ನೀನಿದ್ದೀಯಲ್ಲ,” ಎಂದರು.